ಫುಲ್ ಇನ್ಶೂರೆನ್ಸ್ ಮತ್ತು ಕುನ್ನತ್ತೂರಿನ ಹೋತ

ಹತ್ತೊಂಬತ್ತು ಸಾವಿರದ ಇನ್ನೂರು ರೂಪಾಯಿ. ನನ್ನ ಕಾರಿಗೆ ನಾನು ಕಟ್ಟಿದ ಒಂದು ವರ್ಷದ ಇನ್ಶೂರೆನ್ಸ್ ಅದು. ಬರೀ ಥರ್ಡ್ ಪಾರ್ಟಿ ಕಟ್ಟಿದ್ದರೆ ಮೂರು ಮೂರೂವರೆ ಸಾವಿರದಲ್ಲಿ ಮುಗಿಯುತ್ತಿತ್ತು. ಪೊಲೀಸರು ಕೈ ಅಡ್ಡ ಹಾಕಿದರೆ ತೋರಿಸುವುದಕ್ಕೆ ಅಷ್ಟು ಸಾಕು. ಮಿಕ್ಕಿದ್ದನ್ನು ಕಟ್ಟಿದ್ದು ಒಂದೇ ಕಾರಣಕ್ಕೆ: ಇನ್ಶೂರೆನ್ಸ್ ಇಲ್ಲದವನು ಯಾವನಾದರೂ ಬಂದು ನನ್ನ ಕಾರಿಗೆ ಗುದ್ದಿದರೆ, ಬಿಸಿಲಲ್ಲಿ ನಿಂತು ಅವನ ಹತ್ತಿರ ದುಡ್ಡಿಗೆ ಜಗಳ ಆಡುವ ಕೆಲಸ ನನಗೆ ಬರಬಾರದು, ನನ್ನ ಪಾಲಿಸಿಯೇ ರಿಪೇರಿ ಮಾಡಿಸಬೇಕು ಅಂತ. ಕಟ್ಟಿದ್ದು ಸರಿಯೇ. ಈಗಲೂ ಸರಿ ಅಂತಲೇ ಹೇಳುತ್ತೇನೆ. ಆದರೆ ಗುದ್ದಿಸಿಕೊಂಡ ದಿನ ನಾನು ಬಿಸಿಲಲ್ಲಿ ನಿಂತು ಜಗಳವನ್ನೇ ಆಡಿದೆ.

ತಿರುಪ್ಪೂರಿನಲ್ಲಿ ಬನಿಯನ್ ಕಂಪೆನಿಗಳ ಕಟಿಂಗ್ ವೇಸ್ಟ್ ಕೊಂಡು ಮಾರುವುದು ನನ್ನ ಕಸುಬು. ಅಂದರೆ ಬನಿಯನ್ ಕತ್ತರಿಸಿದ ಮೇಲೆ ಉಳಿಯುವ ಚೂರು ಬಟ್ಟೆ. ಸೈಕಲ್ಲಿನ ಹಿಂದೆ ಮೂಟೆ ಕಟ್ಟಿಕೊಂಡು ಶುರು ಮಾಡಿದೆ, ಈಗ ಸ್ವಂತ ಗೋಡೌನ್ ಇದೆ. ಈ ವ್ಯಾಪಾರದಲ್ಲಿ ಯಾವುದಕ್ಕೂ ಬರೆದಿಟ್ಟ ಬೆಲೆ ಇಲ್ಲ. ಬಿಳಿ ಚೂರಿಗೆ ಒಂದು ದರ, ಬಣ್ಣದ್ದಕ್ಕೆ ಒಂದು, ನೆನೆದದ್ದಕ್ಕೆ ಒಂದು, ಬಾಯಿ ಇರುವವನಿಗೆ ಒಂದು, ಇಲ್ಲದವನಿಗೆ ಒಂದು.

ನಮ್ಮದು ಹಲವು ತಲೆಮಾರಿನಿಂದ ಈ ಸೀಮೆಯಲ್ಲೇ ನೆಲೆಸಿದ ಕನ್ನಡದ ಒಕ್ಕಲು ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮಲ್ಲಿ ಬಹಳ ಜನಕ್ಕೆ ಕನ್ನಡ ಓದಲು ಬರುವುದಿಲ್ಲ. ನಾನು ಅಕ್ಷರ ಕಲಿತದ್ದು ಬೆಂಗಳೂರಿನ ವರ್ಕ್‌ಶಾಪುಗಳಿಗೆ ಒರೆಸುವ ಬಟ್ಟೆ ಕಳಿಸುತ್ತಿದ್ದಾಗ, ಅಲ್ಲಿಯವರು ಬಿಲ್ಲಿನ ಹಿಂದೆ ಏನು ಬರೆದು ಕಳಿಸುತ್ತಾರೆ ಅಂತ ತಿಳಿದುಕೊಳ್ಳುವುದಕ್ಕೆ. ಒಳ್ಳೆಯದೇನೂ ಬರೆದಿರುತ್ತಿರಲಿಲ್ಲ.

ಕನ್ನಡ ನಮಗೆ ಮನೆಮಾತು ಮಾತ್ರವಲ್ಲ, ವ್ಯಾಪಾರದ ಗುಟ್ಟಿನ ಮಾತು ಕೂಡ. ಮಾಲು ಕೊಳ್ಳಲು ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತೇನೆ. ನಾನು ಕಂಪೆನಿಯ ಸೂಪರ್‌ವೈಸರ್ ಜೊತೆ ತಮಿಳಿನಲ್ಲಿ ದರ ಎಳೆದಾಡುತ್ತಿರುವಾಗ ಅವಳು ಮೂಟೆಯ ಬುಡಕ್ಕೆ ಕೈ ಹಾಕಿ ನೋಡಿ, ನನ್ನನ್ನು ಬೈಯುವ ರಾಗದಲ್ಲಿ, "ಅಡೀಲೆಲ್ಲ ನೆಂದದೆ, ಕಿಲೋಗೆ ಎರಡ್ ರೂಪಾಯಿ ಇಳ್ಸಿ," ಅನ್ನುತ್ತಾಳೆ. ಸೂಪರ್‌ವೈಸರ್ ಅದನ್ನು ಗಂಡ ಹೆಂಡಿರ ಜಗಳ ಅಂದುಕೊಳ್ಳುತ್ತಾನೆ. ಪಾಪ ಅಂತ ಇನ್ನೂ ಎಂಟಾಣೆ ತಾನಾಗಿಯೇ ಬಿಡುತ್ತಾನೆ. ಎಷ್ಟೋ ವರ್ಷ ಹೀಗೆ ನಡೆಸಿದ್ದೇವೆ, ಒಂದು ಸಲವೂ ಕೈ ಕೊಟ್ಟಿರಲಿಲ್ಲ.

ಕಾರು ಕೊಂಡಿದ್ದು ಸೆಕೆಂಡ್ ಹ್ಯಾಂಡು. ಇನ್ಶೂರೆನ್ಸ್ ಮಾಡಿಕೊಟ್ಟವರು ತುಡಿಯಲೂರಿನ ಏಜೆಂಟಮ್ಮ, ಹಿಂದೆ ಅಲ್ಲೇ ಒಂದು ಪಂಪ್‌ಸೆಟ್ ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯುತ್ತಿದ್ದವರು. ಮಾತಾಡಿದ್ದು ತಮಿಳಿನಲ್ಲಿ, ನಾನು ಕನ್ನಡಕ್ಕೆ ಇಳಿಸಿ ಹೇಳುತ್ತಿದ್ದೇನೆ.

"ನೀವು ಯಾರಿಗಾದ್ರೂ ಗುದ್ದಿದ್ರೆ ಥರ್ಡ್ ಪಾರ್ಟಿ ಅವರಿಗೆ ಕೊಡುತ್ತೆ ಅಣ್ಣಾ. ನಿಮಗೆ ಗುದ್ದಿದವನ ಹತ್ರ ಅದೂ ಇಲ್ಲದಿದ್ರೆ ನಿಮಗೆ ಯಾರು ಕೊಡ್ತಾರೆ?"

"ಅವನೇ ಕೊಡ್ತಾನೆ. ನಾನು ಸುಮ್ನೆ ಬಿಡ್ತೀನಾ?"

"ಕೊಡೋಕೆ ದುಡ್ಡಿದ್ದವನು ಇನ್ಶೂರೆನ್ಸೇ ಕಟ್ಟಿರ್ತಿದ್ದ ಅಲ್ವಾ ಅಣ್ಣಾ?"

ಮಾತು ಸರಿ ಅನ್ನಿಸಿತು. ಆದರೂ ಮಾರುವವರ ಮಾತನ್ನು ಪರೀಕ್ಷೆ ಮಾಡದೆ ನಂಬುವ ಅಭ್ಯಾಸ ನನಗಿಲ್ಲ. ಗೋಡೌನ್ ಎದುರಿನ ಟೀ ಅಂಗಡಿಗೆ ಹೋಗಿ, ಗಾಡಿ ನಿಲ್ಲಿಸಿ ಟೀ ಕುಡಿಯುತ್ತಿದ್ದವರನ್ನೆಲ್ಲ ವಿಚಾರಿಸಿದೆ. ಒಬ್ಬ ಹ್ಯಾಂಡಲ್ಲಿಗೆ ಕಟ್ಟಿದ್ದ ನಿಂಬೆಹಣ್ಣು ತೋರಿಸಿ, ಕರುಪ್ಪರಾಯನ್ ಗುಡಿಯದ್ದು, ಇದಕ್ಕಿಂತ ಇನ್ನೇನು ಬೇಕು ಅಂದ. ಇನ್ನೊಬ್ಬನ ಹತ್ತಿರ ಇನ್ಶೂರೆನ್ಸ್ ಇತ್ತು, ಆದರೆ ಅದು ಹಿಂದಿನ ಓನರ್ ಹೆಸರಿನಲ್ಲಿತ್ತು. ಹೆಸರು ಬದಲಾಯಿಸಬಾರದಾ ಅಂದರೆ, ಅವರು ತೀರಿಹೋಗಿದ್ದಾರೆ, ಸತ್ತವರಿಗೆ ತೊಂದರೆ ಕೊಡಬಾರದು ಅಂದ. ಮೂರನೆಯವನು ನನ್ನನ್ನು ಮಫ್ತಿಯಲ್ಲಿರುವ ಪೊಲೀಸ್ ಅಂತ ತಿಳಿದು ಅರ್ಧ ಟೀ ಬಿಟ್ಟು ಹೊರಟೇಹೋದ. ಆ ಟೀ ದುಡ್ಡನ್ನು ಅಂಗಡಿಯವನು ನನ್ನಿಂದ ತೆಗೆದುಕೊಂಡ.

ವಾಪಸ್ ಬಂದು, ಫುಲ್ಲೇ ಹಾಕಿ ಅಂದೆ. ಏಜೆಂಟಮ್ಮ ಇಪ್ಪತ್ತಮೂರು ಸಾವಿರ ಅಂದರು. ಕುಳಿತು ಒಂದೊಂದಾಗಿ ಬಿಡಿಸಿದೆ. ಕೀ ಕಳೆದುಹೋದರೆ ಹೊಸ ಕೀ ಕೊಡುವ ಬಾಬ್ತು ಬೇಡ, ಕೀ ಹೆಂಡತಿಯ ಸೊಂಟದಲ್ಲಿರುತ್ತದೆ. ಟೈರಿನದು ಬೇಡ. ಎಂಜಿನ್ನಿಗೆ ನೀರು ನುಗ್ಗುವ ಬಾಬ್ತು ಯಾಕೆ, ನಮ್ಮ ನೊಯ್ಯಲ್ ಹೊಳೆಯಲ್ಲೇ ನೀರಿಲ್ಲ. ಹಿಂದಿನ ವರ್ಷ ಕ್ಲೇಮ್ ಇಲ್ಲದಿದ್ದರೆ ಬೋನಸ್ ಅಂತಾರಲ್ಲ, ಅದೆಲ್ಲಿ? ಅದು ಕಾರಿನ ಜೊತೆ ಬರಲ್ಲ ಅಣ್ಣಾ, ಹಳೇ ಓನರ್ ಜೊತೆ ಹೋಗುತ್ತೆ ಅಂದರು. ಕೊನೆಗೆ ಕಾರನ್ನು ಗೋಡೌನ್ ಒಳಗೇ ನಿಲ್ಲಿಸುತ್ತೇನೆ, ಅದಕ್ಕೊಂದು ಐನೂರು ಕಡಿಮೆ ಮಾಡಿ ಅಂದೆ.

"ಅಣ್ಣಾ, ಇದು ಬನಿಯನ್ ಚೂರಲ್ಲ," ಅಂದರು ಅವರು.

ಹತ್ತೊಂಬತ್ತು ಇನ್ನೂರಕ್ಕೆ ನಿಂತಿತು.

ಪಾಲಿಸಿಯ ಅರ್ಧ ವರ್ಷ ಕಳೆದಿತ್ತು. ಕುನ್ನತ್ತೂರು ಕಡೆ ಒಬ್ಬರ ಹತ್ತಿರ ನೂಲಿನ ಹಳೇ ಸ್ಟಾಕ್ ಇದೆ ಅಂತ ತಿಳಿದು ಹೆಂಡತಿಯೊಂದಿಗೆ ಹೊರಟಿದ್ದೆ. ತೋಟಗಳ ನಡುವಿನ ಸಣ್ಣ ರಸ್ತೆ. ಮುಂದೆ ಒಂದು ಟ್ರ್ಯಾಕ್ಟರು, ಅದರ ಹಿಂದಿನ ಟ್ರೈಲರಿನಲ್ಲಿ ಮೇವಿನ ಹೊರೆ, ಹೊರೆಯ ಮೇಲೆ ಒಬ್ಬ ಮುದುಕಿ. ಟ್ರ್ಯಾಕ್ಟರ್ ನಿಂತಿತು, ನಾನೂ ನಿಲ್ಲಿಸಿದೆ. ಆಮೇಲೆ ಅದು ಹಿಂದಕ್ಕೆ ಬರತೊಡಗಿತು. ಹಾರ್ನ್ ಹೊಡೆದೆ. ಬಂತು. ಮತ್ತೆ ಹೊಡೆದೆ. ಟ್ರೈಲರಿನ ಹಿಂದಿನ ಕೊಂಡಿ ಬಾನೆಟ್ಟಿನ ಮುಂಭಾಗವನ್ನು ಒಳಕ್ಕೆ ಮಡಚಿಕೊಂಡು ರೇಡಿಯೇಟರಿನಲ್ಲಿ ಕುಳಿತಿತು. ಹಸಿರು ನೀರು ರಸ್ತೆಗೆಲ್ಲ ಹರಿಯಿತು. ಇಷ್ಟಾದದ್ದು ಯಾಕೆಂದರೆ ಮುದುಕಿಯ ಎಲೆಅಡಿಕೆ ಚೀಲ ರಸ್ತೆಗೆ ಬಿದ್ದಿತ್ತು. ಅದನ್ನು ಎತ್ತಿಕೊಳ್ಳುವುದಕ್ಕೆ ಟ್ರ್ಯಾಕ್ಟರ್ ಹಿಂದೆ ಬಂದಿತ್ತು. ಚೀಲ ನನ್ನ ಮುಂದಿನ ಟೈರಿನ ಕೆಳಗಿತ್ತು.

ಟ್ರ್ಯಾಕ್ಟರಿನಿಂದ ಇಳಿದವರು ಐವತ್ತರ ಆಸುಪಾಸಿನ ರೈತರು, ಆ ಮುದುಕಿಯ ಮಗ. ತಮಿಳಿನಲ್ಲೇ ಶುರುವಾಯಿತು.

"ಹಾರ್ನ್ ಹೊಡೀಬಾರ್ದಾ ಅಣ್ಣಾ?"

"ಎರಡು ಸಲ ಹೊಡೆದೆನಲ್ಲ!"

"ಟ್ರ್ಯಾಕ್ಟರ್ ಸದ್ದಲ್ಲಿ ಕಾರಿನ ಹಾರ್ನ್ ಎಲ್ಲಿ ಕೇಳುತ್ತೆ? ಲಾರಿ ಹಾರ್ನ್ ಹಾಕಿಸ್ಕೊಬೇಕು."

"ಇನ್ಶೂರೆನ್ಸ್ ಇದೆಯಾ?"

"ತಂದಾಗ ಇತ್ತು."

"ಯಾವಾಗ ತಂದದ್ದು?"

"ನನ್ನ ದೊಡ್ಡ ಮಗಳು ಹುಟ್ಟಿದ ವರ್ಷ."

"ಮಗಳೀಗ ಏನ್ ಮಾಡ್ತಿದ್ದಾಳೆ?"

"ಕಾಲೇಜು."

ಅಷ್ಟರಲ್ಲಿ ಪಕ್ಕದ ತೋಟದಿಂದ ಇಬ್ಬರು ಮೂವರು ಬಂದು, ಯಾರೂ ಕೇಳದಿದ್ದರೂ, ತೀರ್ಪು ಕೊಡಲು ನಿಂತರು. ಆ ಗಳಿಗೆಯಲ್ಲಿ ನಾನು ಮಾಡಬೇಕಾಗಿದ್ದು ಸುಲಭ. ನಾಲ್ಕು ಫೋಟೋ ತೆಗೆದು, ಟ್ರ್ಯಾಕ್ಟರಿನ ನಂಬರ್ ಬರೆದುಕೊಂಡು, ಏಜೆಂಟಮ್ಮನಿಗೆ ಫೋನ್ ಮಾಡಿ, ಮರದ ನೆರಳಲ್ಲಿ ಕುಳಿತುಕೊಳ್ಳುವುದು. ಹತ್ತೊಂಬತ್ತು ಸಾವಿರ ಕೊಟ್ಟು ಕೊಂಡಿದ್ದೇ ಆ ನೆರಳು. ಆದರೆ ಎದುರಿಗೆ ತಪ್ಪು ಮಾಡಿದವನೊಬ್ಬ ನಿಂತಿದ್ದಾನೆ, ಸುತ್ತ ಜನ ಇದ್ದಾರೆ, ಇನ್ನೂ ಯಾರೂ ಒಂದು ಬೆಲೆ ಹೇಳಿಲ್ಲ. ಸುಮ್ಮನಿರಲು ನನ್ನಿಂದಾಗಲಿಲ್ಲ.

ಕಾರಿನ ಕಿಟಕಿಗೆ ಬಗ್ಗಿ ಹೆಂಡತಿಗೆ ಕನ್ನಡದಲ್ಲಿ ಹೇಳಿದೆ: "ಇವ್ರ್ ಹತ್ರ ಇನ್ಶೂರೆನ್ಸ್ ಇಲ್ಲ, ಹೆದ್ರಿದಾರೆ. ಇಪ್ಪತ್ತು ಕೇಳ್ತೀನಿ. ಐದಕ್ಕೆ ಇಳಿದ್ರೂ ಸಾಕು, ತಗೊಂಡ್ ಹೊರ್ಡೋಣ. ರಿಪೇರಿ ಹೆಂಗೂ ನಮ್ ಪಾಲಿಸೀಲಿ ಆಗ್ತದೆ. ನೀನು ಸ್ವಲ್ಪ ಅಳೋ ಹಂಗೆ ಮುಖ ಇಟ್ಕೊ."

"ಅಳೋಕೆ ಬರಲ್ಲ ನಂಗೆ. ಕೋಪ ಮಾಡ್ಲಾ?"

"ಕೋಪಾನೂ ಆಗ್ತದೆ."

ತಿರುಗಿ, ಗಂಟಲು ಸರಿಮಾಡಿಕೊಂಡು, ತಮಿಳಿನಲ್ಲಿ ಇಪ್ಪತ್ತು ಸಾವಿರ ಅಂದೆ. ಆ ರೈತರು ನನ್ನನ್ನು ನೋಡಲಿಲ್ಲ. ತಲೆ ಎತ್ತಿ ಮೇವಿನ ಹೊರೆಯ ಮೇಲಿದ್ದ ತಾಯಿಯನ್ನು ನೋಡಿದರು. ಮುದುಕಿ ಬಾಯಿಯ ಎಲೆಅಡಿಕೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿಕೊಂಡು, ಅಚ್ಚ ನಮ್ಮ ಮನೆಯ ಕನ್ನಡದಲ್ಲಿ ಹೇಳಿದರು:

"ಐದಕ್ಕೆ ಒಪ್ಕೋತಾರಂತೆ ಮಗ್ನೇ, ಕೊಟ್ಟು ಕಳ್ಸು. ಆ ಹುಡ್ಗಿಗೆ ಪಾಪ ಅಳೋಕೂ ಬರಲ್ವಂತೆ."

ಬೇರೆಯವರ ಬಾಯಲ್ಲಿ ಕನ್ನಡ ಕೇಳಿ ನಾನು ಬಾನೆಟ್ಟಿನ ಕಡೆ ಮುಖ ತಿರುಗಿಸಿಕೊಂಡದ್ದು ಅದೇ ಮೊದಲು. ಅವರೂ ನಮ್ಮಂತೆಯೇ. ಬೀದಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ. ಕುನ್ನತ್ತೂರಿನ ತೋಟಗಳಲ್ಲಿ ನಮ್ಮವರು ಇದ್ದಾರೆ ಅನ್ನುವುದು ನನಗೆ ಗೊತ್ತಿರದ ವಿಷಯವೇನಲ್ಲ. ಮದುವೆ ಪತ್ರಿಕೆ ಹಂಚುವಾಗ ಚೆನ್ನಾಗಿ ನೆನಪಿರುತ್ತದೆ. ಚೌಕಾಸಿ ಮಾಡುವಾಗ ಮಾತ್ರ ಇಡೀ ಜಿಲ್ಲೆಯಲ್ಲಿ ಕನ್ನಡ ಬರುವವರು ನಾವಿಬ್ಬರೇ ಅಂತ ಅನ್ನಿಸಿಬಿಡುತ್ತದೆ.

ಅಲ್ಲಿಂದ ಮುಂದೆ ಕಾರಿನ ಮಾತು ನಿಂತು ಸಂಬಂಧದ ಮಾತು ಶುರುವಾಯಿತು. ನಮ್ಮವರಲ್ಲಿ ಕನ್ನಡ ಮಾತಾಡುವ ಇಬ್ಬರು ಸಿಕ್ಕಿದರೆ ಮೊದಲು ಊರು ಕೇಳುತ್ತಾರೆ, ಆಮೇಲೆ ಕುಲ. ಒಂದೇ ಕುಲದವರಾದರೆ ಪಂಗಾಳಿಗಳು, ಅಂದರೆ ಅಣ್ಣತಮ್ಮಂದಿರು, ದಾಯಾದಿಗಳು. ಬೇರೆ ಕುಲವಾದರೆ ಹೆಣ್ಣು ಕೊಟ್ಟು ತರುವ ನೆಂಟರು. ಪಂಗಾಳಿಯಾದರೆ ಚಿಂತೆಯಿಲ್ಲ. ಬಾವಿ ನೀರಿಗೆ, ಬೇಲಿಗೆ, ಬೇವಿನ ಮರದ ನೆರಳಿಗೆ ಕೋರ್ಟಿಗೆ ಹೋಗಿ, ವಾಯಿದೆಯ ದಿನ ಒಟ್ಟಿಗೆ ಊಟ ಮಾಡಿಕೊಂಡು ಬರುವ ಪಂಗಾಳಿಗಳು ನಮ್ಮಲ್ಲಿದ್ದಾರೆ. ಪಂಗಾಳಿಯಿಂದ ಐದೇನು, ಹತ್ತೂ ಇಸಿದುಕೊಳ್ಳಬಹುದು. ನೆಂಟರಿಂದ ಹಾಗಲ್ಲ. ಆದ್ದರಿಂದ ದೇವರೇ, ಪಂಗಾಳಿ ಮಾಡಪ್ಪ ಅಂತ ಬೇಡಿಕೊಳ್ಳುತ್ತ ನನ್ನ ಕುಲ ಹೇಳಿದೆ.

"ನಾವು ಅದಲ್ಲ," ಅಂದರು ಮುದುಕಿ. ನನ್ನ ಐದು ಸಾವಿರ ಅಲ್ಲಿಗೇ ಅಲುಗಾಡಿತು. "ಹುಡ್ಗೀ, ನಿನ್ ತಾಯಿ ಕಡೆ ಯಾವೂರು?"

ಹೇಳಬೇಡ ಅಂತ ನಾನು ಕಣ್ಣು ಮಾಡುವುದರೊಳಗೆ ಹೆಂಡತಿ ಕಾರಿನಿಂದ ಇಳಿದೇಬಿಟ್ಟಿದ್ದಳು. "ಧಾರಾಪುರಂ ಅಜ್ಜಿ. ಹೊಳೆ ದಾರೀಲಿ ತೋಟ. ನಮ್ ತಾತ ಎತ್ತಿನ ಯಾಪಾರ ಮಾಡ್ತಿದ್ರು."

"ಎತ್ತಿನ ಯಾಪಾರದವ್ರಾ? ಅವ್ರ್ ಹೆಂಡ್ತಿಗೆ ಗಲ್ಲದ ಮೇಲೆ ಒಂದು ಮಚ್ಚೆ, ಹೂವು ಮುಡಿದ್ರೆ ತಲೆನೋವು ಬರ್ತಿತ್ತಲ್ಲ?"

"ಅವ್ರೇ ಅಜ್ಜಿ! ನಮ್ಮಮ್ಮನ ತಾಯಿ!"

"ಅಯ್ಯೋ ನನ್ ತಾಯೇ! ಅವ್ಳು ನಂಗೆ ದೊಡ್ಡಮ್ಮನ ಮಗ್ಳು ಕಣೇ. ನಾನು ನಿಂಗೆ ಅಜ್ಜಿ ಆಗ್ಬೇಕು. ಇವ್ನು ನಿಂಗೆ ಮಾಮ! ಲೋ, ನನ್ನ ಇಳ್ಸೋ ಕೆಳ್ಗೆ!"

ಇಳಿಸಿದರು. ಅಜ್ಜಿ ಮೊಮ್ಮಗಳನ್ನು ತಬ್ಬಿಕೊಂಡು ಅತ್ತರು. ಈಗ ಹೆಂಡತಿಗೂ ಅಳು ಬಂತು, ಬೇಕಾದಾಗ ಬಾರದ ಅಳು. ನನ್ನ ಕಾರಿಗೆ ಗುದ್ದಿದವರು ಎರಡು ನಿಮಿಷದಲ್ಲಿ ನನಗೆ ಮಾಮ ಆದರು, ನಾನು ಆ ಮನೆಯ ಅಳಿಯ, ಅವರ ಮಾತಿನಲ್ಲಿ ಮಾಪಿಳ್ಳೆ. ತೀರ್ಪು ಕೊಡಲು ನಿಂತಿದ್ದವರು, ಸೊಂದಕಾರರಾ, ನೆಂಟರಾ, ಹಾಗಾದರೆ ನಮಗೇನು ಕೆಲಸ ಅಂತ ಬೇಸರದಿಂದ ತೋಟಕ್ಕೆ ವಾಪಸ್ ಹೋದರು.

"ತಪ್ಪಾಯ್ತು ಮಾಪಿಳ್ಳೆ," ಅಂದರು ಮಾಮ. "ಆದ್ರೆ ಮನೆ ಅಳಿಯನ್ನ ರೋಡಲ್ಲಿ ನಿಲ್ಸಿ ದುಡ್ಡು ಎಣಿಸಿ ಕೊಟ್ರೆ ಊರು ಏನನ್ನುತ್ತೆ?"

"ಪರವಾಯಿಲ್ಲ ಮಾಮಾ, ಐದಾದ್ರೂ..." ಅನ್ನುವಷ್ಟರಲ್ಲಿ ಹೆಂಡತಿ ನನ್ನ ತೋಳು ಚಿವುಟಿದಳು.

ಅದೇ ಟ್ರ್ಯಾಕ್ಟರ್ ನನ್ನ ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಅವರ ತೋಟಕ್ಕೆ ಹೋಯಿತು. ಸ್ಟೀರಿಂಗ್ ಹಿಡಿದು ಕುಳಿತ ನಾನು ಮುರಿದ ಬಾನೆಟ್ಟಿನ ಸಂದಿಯಿಂದ ಆ ಕೊಂಡಿಯನ್ನೇ ನೋಡುತ್ತಿದ್ದೆ. ಊಟ ಆಯಿತು. ಹೊರಡುವಾಗ ಅಜ್ಜಿ ಹಟ್ಟಿಯಿಂದ ಒಂದು ಕಪ್ಪು ಹೋತವನ್ನು ಹಗ್ಗ ಹಿಡಿದು ತಂದರು. ಅಳಿಯ ಮೊದಲ ಸಲ ಬಂದಿದ್ದಾರೆ, ಅದರ ಮೇಲೆ ಗಾಡಿ ಬೇರೆ ಮುರಿದಿದ್ದೇವೆ, ಬರಿಗೈಯಲ್ಲಿ ಕಳಿಸುವ ಹಾಗಿಲ್ಲ ಅಂತ. ಬೇಡ ಅಂದೆ. ನಮ್ಮಲ್ಲಿ ಒಂದು ಸಲ ಬೇಡ ಅನ್ನುವುದು ಮರ್ಯಾದೆ, ಎರಡನೇ ಸಲ ಅಂದರೆ ಅವಮಾನ. ಅದೂ ಅಲ್ಲದೆ ಒಳ್ಳೆಯ ಹೋತ. ಐದು ಸಾವಿರಕ್ಕಿಂತ ಮೇಲೆಯೇ ಬಾಳುತ್ತದೆ ಅಂತ ಒಂದೇ ನೋಟಕ್ಕೆ ಲೆಕ್ಕ ಹಾಕಿದ್ದೆ. ಹಗ್ಗ ತೆಗೆದುಕೊಂಡೆ.

ಆಮೇಲೆ ಏಜೆಂಟಮ್ಮನಿಗೆ ಫೋನ್ ಮಾಡಿದೆ. ಕಾರು ಹೊತ್ತೊಯ್ಯುವ ಗಾಡಿ ಕಳಿಸುತ್ತೇನೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ ಅಂದರು. ಆಮೇಲೆ ಕೇಳಿದರು: "ಅವರ ಹತ್ರ ಏನೂ ತಗೊಂಡಿಲ್ಲ ತಾನೇ ಅಣ್ಣಾ?"

"ಒಂದು ರೂಪಾಯಿ ತಗೊಂಡಿಲ್ಲಮ್ಮ."

ಹೋತ ನನ್ನ ಪಕ್ಕದಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗಿತು.

"ಅದೇನು ಸದ್ದು?"

"ಹಳ್ಳಿ ಅಲ್ವಾ," ಅಂದೆ.

ಗಾಡಿಯ ಕ್ಯಾಬಿನ್ನಿನಲ್ಲಿ ಡ್ರೈವರನ್ನು ಬಿಟ್ಟರೆ ಇಬ್ಬರಿಗೆ ಮಾತ್ರ ಜಾಗ. ಹೋತವನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಉಸಿರಾಡಲಿ ಅಂತ ಕಿಟಕಿ ಇಳಿಸಿದೆವು. ಮೇಲೆ ಕಾರು, ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಎಡಕ್ಕೂ ಬಲಕ್ಕೂ ನೋಡುತ್ತಿರುವ ಹೋತ, ಹೀಗೆ ತಿರುಪ್ಪೂರಿಗೆ ಬಂದೆವು. ಪಕ್ಕದ ಬಸ್ಸಿನವರೆಲ್ಲ ಫೋನ್ ಹಿಡಿದರು. ಒಂದು ಸಿಗ್ನಲ್ಲಿನಲ್ಲಿ ಬೈಕಿನವನೊಬ್ಬ ನಮ್ಮ ಡ್ರೈವರನ್ನು ಕೇಳಿದ: "ಓನರ್ ಯಾರು, ಹಿಂದೆ ಕೂತಿರೋರಾ?"

ವರ್ಕ್‌ಶಾಪಿನವರು ಕೊಟ್ಟ ಅಂದಾಜು ಎಪ್ಪತ್ತೆರಡು ಸಾವಿರ. ಬಾನೆಟ್ಟು, ರೇಡಿಯೇಟರು, ಅದರ ಹಿಂದಿನದೆಲ್ಲ. ಇಷ್ಟನ್ನು ಪಾಲಿಸಿ ಕೊಡಬೇಕು, ಇಲ್ಲದಿದ್ದರೆ ನಾನು. ಅಷ್ಟರಲ್ಲಿ ಮಾಮನ ಫೋನ್ ಬಂತು. ಇನ್ಶೂರೆನ್ಸಿನವರು ಟ್ರ್ಯಾಕ್ಟರ್ ಮೇಲೆ ವಸೂಲಿಗೆ ಬರುತ್ತಾರೆ ಅಂತ ಯಾರೋ ಅವರಿಗೆ ಹೇಳಿ ಹೆದರಿಸಿದ್ದರು.

"ಮಾಪಿಳ್ಳೆ, ಕಲ್ಲುಕಂಬಕ್ಕೆ ನೀವೇ ಹೋಗಿ ಗುದ್ದಿದ್ರಿ ಅಂತ ಬರ್ದ್‌ಬಿಡಿ. ಕಂಬ ಬೇಕಿದ್ರೆ ನಾನೇ ತೋರಿಸ್ತೀನಿ. ನಮ್ ತೋಟದಲ್ಲಿ ವಾಲಿರೋದು ಒಂದದೆ."

"ಅದು ಎಷ್ಟು ವರ್ಷದಿಂದ ವಾಲಿದೆ ಮಾಮಾ?"

"ನಮ್ ತಂದೆ ಕಾಲ್ದಿಂದ."

ಆಗಲ್ಲ ಅಂದೆ. ಇದರಲ್ಲಿ ಹರಿಶ್ಚಂದ್ರನಾಗುವ ಆಸೆ ಏನಿಲ್ಲ, ಬರೀ ವ್ಯಾಪಾರದ ಲೆಕ್ಕ. ನಿಜ ಹೇಳಿದರೆ ಕ್ಲೇಮಿನಲ್ಲಿ ಎಲ್ಲೋ ಸ್ವಲ್ಪ ಕತ್ತರಿಸಬಹುದು. ಸುಳ್ಳು ಸಿಕ್ಕಿಬಿದ್ದರೆ ಎಪ್ಪತ್ತೆರಡೂ ಹೋಗುತ್ತದೆ. ವಸೂಲಿಯ ನೋಟೀಸ್ ಬಂದರೂ ಬರಬಹುದು ಮಾಮಾ, ಬಂದರೆ ಒಟ್ಟಿಗೆ ನೋಡೋಣ, ಮೊದಲು ಟ್ರ್ಯಾಕ್ಟರಿಗೆ ಇನ್ಶೂರೆನ್ಸ್ ಕಟ್ಟಿ ಅಂದೆ. ಏಜೆಂಟಮ್ಮನ ನಂಬರನ್ನೂ ಕೊಟ್ಟೆ. ಆ ಪಾಲಿಸಿಯ ಮೇಲೆ ನನಗೇನಾದರೂ ಕಮಿಷನ್ ಸಿಗುತ್ತದಾ ಅಂತ ಅವರನ್ನು ಕೇಳಿದೆ. ಸಿಗುವುದಿಲ್ಲವಂತೆ.

ಸರ್ವೇಯರ್ ಕೊಯಮತ್ತೂರಿನಿಂದ ಬಂದ. ಚಿಕ್ಕ ವಯಸ್ಸು, ನಗು ಕಡಿಮೆ. ವರ್ಕ್‌ಶಾಪಿನಲ್ಲಿ ಕಾರಿನ ಸುತ್ತ ತಿರುಗಿ ಫೋಟೋ ತೆಗೆದು, ನಡೆದದ್ದನ್ನೆಲ್ಲ ಕೇಳಿ, ಕೊನೆಗೆ ಕೈಯಲ್ಲಿದ್ದ ಟ್ಯಾಬ್ ನೋಡುತ್ತ, "ಗುದ್ದಿದವರಿಂದ ಪರಿಹಾರ ಏನಾದ್ರೂ ಸಿಕ್ಕಿದೆಯಾ ಸಾರ್?" ಅಂದ.

ಇಲ್ಲ ಅನ್ನಬಹುದಾಗಿತ್ತು. ಆದರೆ ಅಷ್ಟು ಜನರ ಫೋನಿನಲ್ಲಿ ಆ ಹೋತ ನನ್ನ ಕಾರಿನಲ್ಲೇ ಕುಳಿತಿತ್ತು, ನಂಬರ್ ಪ್ಲೇಟ್ ಸಮೇತ.

"ಒಂದು ಹೋತ," ಅಂದೆ.

ಅವನು ತಲೆ ಎತ್ತಿದ. ಟ್ಯಾಬ್ ನೋಡಿದ. ಮತ್ತೆ ತಲೆ ಎತ್ತಿದ. "ಇದರಲ್ಲಿ ನಂಬರ್ ಮಾತ್ರ ಹಾಕೋಕಾಗುತ್ತೆ ಸಾರ್."

"ಹಾಗಾದ್ರೆ ಒಂದು ಅಂತ ಹಾಕಿ."

"ಒಂದು ಅಂದ್ರೆ ಒಂದು ರೂಪಾಯಿ ಆಗುತ್ತೆ."

"ಆಗಲಿ ಬಿಡಿ."

ಆಗಲಿಲ್ಲ. ಸಿಕ್ಕ ಪರಿಹಾರವನ್ನು ಕ್ಲೇಮಿನಲ್ಲಿ ಕಳೆಯಬೇಕು, ಆದ್ದರಿಂದ ಬೆಲೆ ಕಟ್ಟಬೇಕು ಅಂದ. ಮೂರು ಸಾವಿರ ಅಂದೆ. ನೋಡಬೇಕು ಅಂದ. ಮನೆಗೆ ಬಂದ.

ಮಾರುವವನ ಹತ್ತಿರ ಮಾಲನ್ನು ಹಳಿದು ನನಗೆ ಚೆನ್ನಾಗಿ ಅಭ್ಯಾಸವಿದೆ, ಆದರೆ ನನ್ನದೇ ಮಾಲನ್ನು ಹಳಿಯಬೇಕಾಗಿ ಬಂದದ್ದು ಅವತ್ತೇ. ಆದರೂ ಬಾಯಿ ತೆರೆದೆ. ಕಾಲು ಸಣ್ಣ, ವಯಸ್ಸಾಗಿದೆ, ಕೆಮ್ಮುತ್ತದೆ ಅಂದೆ. ಆ ಹೊತ್ತಿಗೆ ಹೆಂಡತಿ ಅದನ್ನು ತೊಳೆದು, ನುಗ್ಗೆಸೊಪ್ಪು ತಿನ್ನಿಸಿ, ಕೊರಳಿಗೊಂದು ಗಂಟೆ ಕಟ್ಟಿದ್ದಳು. ಅವಳು ಬಾಗಿಲಲ್ಲೇ ನಿಂತು ತಮಿಳಿನಲ್ಲಿ ಹೇಳಿದಳು: "ಕೆಮ್ಮಾ? ಯಾವಾಗ ಕೆಮ್ಮಿತು?"

ನಾನು ಕನ್ನಡಕ್ಕೆ ತಿರುಗಿ, ರಾಗ ಬದಲಾಯಿಸದೆ, "ಸುಮ್ನಿರೇ, ಬೆಲೆ ಇಳಿಸ್ತಿದೀನಿ. ಜಾಸ್ತಿ ಆದಷ್ಟೂ ನಮ್ ಕೈಯಿಂದ ಹೋಗ್ತದೆ," ಅಂದೆ.

ಅವಳು ಮತ್ತೆ ತಮಿಳಿನಲ್ಲೇ, ಸರ್ವೇಯರಿಗೆ ಚೆನ್ನಾಗಿ ಕೇಳುವಂತೆ ಉತ್ತರ ಕೊಟ್ಟಳು: "ನೀವು ಏನು ಬೇಕಾದ್ರೂ ಇಳಿಸ್ಕೊಳ್ಳಿ. ನನ್ನ ಮಾಮ ಕೊಟ್ಟಿದ್ದು ಹನ್ನೆರಡು ಸಾವಿರಕ್ಕೆ ಕಮ್ಮಿ ಇಲ್ಲ. ಮೂರು ಸಾವಿರಕ್ಕೆ ಕೋಳಿ ಬರುತ್ತೆ!"

ಸರ್ವೇಯರ್ ಹನ್ನೆರಡು ಅಂತ ಒತ್ತಲು ಬೆರಳು ಎತ್ತಿದ. ಬೆರಳು ಹಿಡಿದುಕೊಂಡೆ. ಹೆಂಡತಿಯ ಕಡೆಯ ಉಡುಗೊರೆಗೆ ಹೆಂಡತಿ ಹೇಳುವ ಬೆಲೆಯನ್ನು ಯಾವ ಆಫೀಸಿನವರಾದರೂ ಒಪ್ಪುತ್ತಾರಾ ಅಂತ ಕೇಳಿದೆ. ಅವನಿಗೂ ಮದುವೆಯಾಗಿತ್ತು ಅಂತ ಕಾಣುತ್ತದೆ, ಯೋಚನೆ ಮಾಡಿದ. ತೂಕ ಹಾಕೋಣ, ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟೋಣ ಅಂದ.

ಗೋಡೌನಿನಲ್ಲಿ ಬನಿಯನ್ ಚೂರು ತೂಗುವ ತಕ್ಕಡಿ ಇದೆ, ನೆಲದ ಮೇಲೆ ಇಡುವಂಥದ್ದು. ಹೋತ ಅದರ ಮೇಲೆ ನಿಲ್ಲಲಿಲ್ಲ. ಹಾಗಾದರೆ ಯಾರಾದರೂ ಎತ್ತಿಕೊಂಡು ನಿಂತು, ಆಮೇಲೆ ಅವರೊಬ್ಬರ ತೂಕ ಕಳೆಯಬೇಕು. ಹೋತ ಹೆಂಡತಿಗೆ ಮಾತ್ರ ಒಗ್ಗಿತ್ತು. ಅವಳು ಎತ್ತಿಕೊಂಡು ನಿಂತಳು, ಆದರೆ ಕೆಳಗಿಳಿಸಿ ತಾನೊಬ್ಬಳೇ ನಿಲ್ಲಲು ಒಪ್ಪಲಿಲ್ಲ.

"ಗೋಡೌನಿನ ಆಳುಗಳ ಮುಂದೆ ನನ್ನ ತೂಕ ಹಾಕ್ತೀರಾ? ಇನ್ಶೂರೆನ್ಸ್ ನನಗಾ, ಕಾರಿಗಾ?"

ಕೊನೆಗೆ ಹೋತ ನನ್ನ ತೋಳಿಗೇ ಬಂತು. ಮೊದಲು ನನ್ನೊಬ್ಬನ ತೂಕ. ಗೋಡೌನಿನ ಬೀಗಗಳು, ಕೀ ಗೊಂಚಲು ಎಲ್ಲ ಜೇಬಿನಲ್ಲಿದ್ದವು. ಆಮೇಲೆ ಹೋತ ಎತ್ತಿಕೊಳ್ಳುವ ಮುಂಚೆ, ಚುಚ್ಚುತ್ತದೆ ಅಂತ, ಅವನ್ನೆಲ್ಲ ತೆಗೆದು ಬೆಂಚಿನ ಮೇಲೆ ಇಟ್ಟೆ.

"ಬೀಗ ಸಮೇತ ನಿಲ್ಲಿ ಸಾರ್," ಅಂದ ಸರ್ವೇಯರ್.

ಬೀಗ ಸಮೇತ ನಿಂತೆ. ಹೋತ ನನ್ನ ಅಂಗಿಯ ಕಾಲರ್ ತಿನ್ನುತ್ತಿತ್ತು. ಒಂಬತ್ತು ಸಾವಿರ ಅಂತ ತೀರ್ಮಾನವಾಯಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಆ ಸಂಜೆಯೇ ಹೆಂಡತಿ ಕುನ್ನತ್ತೂರಿಗೆ ಫೋನ್ ಮಾಡಿ ಎಲ್ಲ ಒಪ್ಪಿಸಿದ್ದಳು. ಅಜ್ಜಿ ನನ್ನನ್ನು ಕೇಳಿ ಫೋನಿಗೆ ಕರೆಸಿಕೊಂಡರು.

"ಒಂಬತ್ತಾ? ಸಂತೇಲಿ ಹನ್ನೆರಡಕ್ಕೆ ಕೇಳಿದ್ರು, ಕೊಡ್ಲಿಲ್ಲ ನಾನು! ಆ ಹುಡ್ಗನ್ ನಂಬ್ರ ಕೊಡು, ನಾನ್ ಮಾತಾಡ್ತೀನಿ. ನಮ್ ಮರ್ವಾದೆ ಏನಾಯ್ತು?"

"ಅಜ್ಜೀ, ನಿಮ್ ಮರ್ಯಾದೆ ಮೂರ್ ಸಾವ್ರ ಜಾಸ್ತಿ ಆದ್ರೆ ನಂಗೆ ಮೂರ್ ಸಾವ್ರ ನಷ್ಟ."

"ಅದೆಂಗೆ?"

ವಿವರಿಸಿದೆ. ಕಾರು ಮುರಿದದ್ದಕ್ಕೆ ಕೊಟ್ಟ ಹೋತವನ್ನು ಕಾರು ರಿಪೇರಿಯ ದುಡ್ಡಿನಲ್ಲಿ ಕಳೆಯುತ್ತಾರೆ ಅಂತ. ಅಜ್ಜಿ, "ಹಂಗಾದ್ರೆ ಹೋತಕ್ಕೆ ದುಡ್ಡು ಕೊಟ್ಟೋನು ನೀನೇ ಆದೆ," ಅಂದರು. ಅಷ್ಟು ಸ್ಪಷ್ಟವಾಗಿ ನನಗೆ ಆಫೀಸಿನವರೂ ಹೇಳಿರಲಿಲ್ಲ. ಸರ್ವೇಯರ್ ನಂಬರ್ ಕೇಳುವುದನ್ನು ಮಾತ್ರ ಅಜ್ಜಿ ಬಿಡಲಿಲ್ಲ, ಎರಡು ಮೂರು ದಿನ ಕೇಳಿದರು. ಕ್ಲೇಮ್ ಪಾಸಾಗುವ ತನಕ ನನಗೆ ನಿದ್ದೆ ಹತ್ತಲಿಲ್ಲ, ಈ ಮುದುಕಿ ಎಲ್ಲಿ ಬಸ್ ಹತ್ತಿ ಕೊಯಮತ್ತೂರಿನ ಆಫೀಸಿಗೆ ಹೋಗಿ ನನ್ನ ಹೋತದ ಬೆಲೆ ಏರಿಸುತ್ತಾರೋ ಅಂತ.

ಪಾಸಾಯಿತು. ಹೋತದ ಒಂಬತ್ತು, ನಿಯಮದ ಪ್ರಕಾರ ನನ್ನ ಪಾಲಿನ ಒಂದು ಸಾವಿರ ಕಳೆದು ಮಿಕ್ಕಿದ್ದೆಲ್ಲ ನೇರವಾಗಿ ವರ್ಕ್‌ಶಾಪಿಗೆ ಹೋಯಿತು. ಕಾರು ಹೊಸದರಂತೆ ಬಂತು. ಟ್ರ್ಯಾಕ್ಟರ್ ಮೇಲೆ ನೋಟೀಸ್ ಇವತ್ತಿನ ತನಕ ಬಂದಿಲ್ಲ. ಹೋತವನ್ನು ಮಾರುವ ಹಾಗಿಲ್ಲ, ಅದು ಮಾಮ ಕೊಟ್ಟದ್ದು. ಕಡಿಯುವ ಹಾಗಿಲ್ಲ, ಅದಕ್ಕೆ ಹೆಂಡತಿ ಹೆಸರಿಟ್ಟಿದ್ದಾಳೆ. ಗೋಡೌನಿನಲ್ಲಿ ಬಿಳಿ ಚೂರು ಮಾತ್ರ ತಿನ್ನುತ್ತದೆ, ಬಣ್ಣದ್ದನ್ನು ಮೂಸಿ ನೋಡುವುದಿಲ್ಲ.

ನೀವು ಕಾರು ಇಟ್ಟುಕೊಂಡಿದ್ದರೆ ಫುಲ್ ಇನ್ಶೂರೆನ್ಸನ್ನೇ ಕಟ್ಟಿ. ನಿಮ್ಮ ಕಾರಿನ ಸ್ವಂತ ರಿಪೇರಿಗೂ ಅದು ಬರುತ್ತದಾ ಅಂತ ಏಜೆಂಟರ ಬಾಯಿಂದ ಅಲ್ಲ, ಪಾಲಿಸಿಯಲ್ಲಿ ಓದಿ ತಿಳಿದುಕೊಳ್ಳಿ. ಬೇಡದ ಬಾಬ್ತುಗಳನ್ನು ತೆಗೆಸಿ, ಆದರೆ ಕಾರಿನ ಬೆಲೆಯನ್ನು ಮಾತ್ರ ಇಳಿಸಿ ಬರೆಸಬೇಡಿ, ಪ್ರೀಮಿಯಂ ಉಳಿಯುತ್ತದೆ ಅಂತ ಅಲ್ಲಿ ಕೈ ಹಾಕಿದವರು ದೊಡ್ಡ ಆಕ್ಸಿಡೆಂಟ್ ಆದಾಗ ಅಳುತ್ತಾರೆ. ಕಾರು ಹಳೆಯದಾದರೆ ಆರ್‌ಸಿ ನಿಮ್ಮ ಹೆಸರಿಗೆ ಆದ ತಕ್ಷಣ ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಮಾಡಿಸಿ. ಸಣ್ಣ ಗೀರಿಗೆಲ್ಲ ಕ್ಲೇಮ್ ಮಾಡಬೇಡಿ, ಮುಂದಿನ ವರ್ಷದ ಬೋನಸ್ ಹೋಗುತ್ತದೆ. ನನಗೆ ಈ ವರ್ಷ ಜಾಸ್ತಿಯೇ ಆಯಿತು, ಆದರೂ ಕಟ್ಟಿದೆ.

ಯಾರಾದರೂ ಗುದ್ದಿದರೆ ಮೊದಲು ಜನ ಹುಷಾರಾಗಿದ್ದಾರಾ ನೋಡಿ, ಯಾರಿಗಾದರೂ ಪೆಟ್ಟಾಗಿದ್ದರೆ ಪೊಲೀಸಿಗೆ ಹೇಳಿ. ಆಮೇಲೆ ಫೋಟೋ, ಗಾಡಿಯ ನಂಬರ್, ಅವತ್ತೇ ಕಂಪೆನಿಗೆ ಒಂದು ಫೋನ್. ಇಷ್ಟು ಮಾಡಿ ನೆರಳಿಗೆ ಹೋಗಿ. ಬೆಲೆ ಮಾತಾಡಲು ಬಾಯಿ ತುರಿಸಿದರೆ ನೀರು ಕುಡಿಯಿರಿ. ಮನೆಮಾತಿನಲ್ಲಿ ಗುಟ್ಟು ಹೇಳುವುದಿದ್ದರೆ ಕಾರಿನ ಗಾಜು ಏರಿಸಿ ಹೇಳಿ. ಗುದ್ದಿದವರಿಂದ ದುಡ್ಡಾಗಲಿ, ತೆಂಗಿನಕಾಯಾಗಲಿ, ಕೈಗೆ ಏನನ್ನೂ ತೆಗೆದುಕೊಳ್ಳಬೇಡಿ. ಅವರು ನೆಂಟರೇ ಆಗಿ, ಹೋತ ಕೊಟ್ಟೇ ತೀರುತ್ತೇವೆ ಅಂತ ಹಟ ಹಿಡಿದರೆ, ಅಲ್ಲೇ ಅಡುಗೆ ಮಾಡಿಸಿ, ಕುಳಿತು ಊಟ ಮಾಡಿ, ಕೈ ತೊಳೆದುಕೊಂಡು ಬನ್ನಿ. ಊಟಕ್ಕೆ ಇನ್ನೂ ಯಾವ ಸರ್ವೇಯರೂ ಬೆಲೆ ಕಟ್ಟಿಲ್ಲ.